ದೊಡ್ಡಮ್ಮನ ಮನೆಗೆ ಬಂದ ಎರಡು ಮಕ್ಕಳು: ಒಂದು ಪ್ರಕರಣ ಅಧ್ಯಯನ

"ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ನೀಡಲು ಕಾನೂನುಬದ್ಧ ಪೋಷಕರು ಲಭ್ಯರಿಲ್ಲ."

ಕಡತದ ಮೊದಲ ಪುಟದಲ್ಲಿ ಇದ್ದದ್ದು ಇಷ್ಟೇ. ನಾಲ್ಕು ವರ್ಷದ ಹುಡುಗ. ಎರಡೂ ಕಿವಿಗಳ ತಮಟೆಯ ಹಿಂದೆ ದ್ರವ ಕಟ್ಟಿಕೊಂಡು ಕಿವಿ ಮಂದವಾಗಿತ್ತು. ತಮಟೆಯಲ್ಲಿ ಪುಟ್ಟ ಕೊಳವೆ ಕೂರಿಸಿದರೆ ಗಾಳಿಯಾಡಿ ದ್ರವ ಇಳಿಯುತ್ತದೆ. ವೈದ್ಯರ ಲೆಕ್ಕದಲ್ಲಿ ಅದು ಸಣ್ಣ ಶಸ್ತ್ರಚಿಕಿತ್ಸೆ. ಆದರೆ ಎರಡು ಸಲ ದಿನ ಗೊತ್ತಾಗಿ, ಎರಡು ಸಲವೂ ರದ್ದಾಗಿತ್ತು. ಹುಡುಗನನ್ನು ಕರೆತಂದಿದ್ದ ಹೆಂಗಸು ಅವನ ತಾಯಿಯ ಅಕ್ಕ. ಹದಿಮೂರು ತಿಂಗಳಿಂದ ಅವನನ್ನೂ ಅವನ ಒಂಬತ್ತು ವರ್ಷದ ಅಕ್ಕನನ್ನೂ ಸಾಕುತ್ತಿದ್ದವರು ಅವರೇ. ಅರ್ಜಿಯಲ್ಲಿ "ಮಗುವಿಗೆ ನಿಮ್ಮ ಸಂಬಂಧ" ಎಂಬ ಜಾಗದಲ್ಲಿ ಅವರು ನಿಜವನ್ನೇ ಬರೆದಿದ್ದರು. ತಾಯಿ ಎಂದು ಸುಳ್ಳು ಬರೆದಿದ್ದರೆ ಬಹುಶಃ ಕೆಲಸ ಆಗಿಬಿಡುತ್ತಿತ್ತು.

ಸಮಾಜಕಾರ್ಯಕರ್ತೆಯಾದ ನನ್ನ ಪಾಲಿಗೆ ಬಂದ ಕಡತ ಇದು. ಗುರುತು ಸಿಗುವಂಥ ವಿವರಗಳನ್ನು ಬಿಟ್ಟು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಮಕ್ಕಳು ಕರೆಯುವ ಹಾಗೆಯೇ ನಾನೂ ಆ ಹೆಂಗಸನ್ನು ದೊಡ್ಡಮ್ಮ ಎನ್ನುತ್ತೇನೆ. ಮಕ್ಕಳನ್ನು ಚಿಕ್ಕವಳು, ಚಿಕ್ಕವನು ಎಂದರೆ ಗೊಂದಲವಾದೀತು. ಹುಡುಗಿ, ಹುಡುಗ ಎಂದೇ ಇರಲಿ.

ನಾಲ್ಕು ದಿನದ ಮಾತು

ಒಂದು ರಾತ್ರಿ ಹನ್ನೊಂದು ಗಂಟೆಗೆ ತಂಗಿಯ ಫೋನು. "ಅಕ್ಕಾ, ಮಕ್ಕಳನ್ನ ನಾಲ್ಕು ದಿನ ಇಟ್ಕೊಂಡಿರು." ದೊಡ್ಡಮ್ಮ ಹೋಗಿ ಕರೆತಂದರು. ಮಕ್ಕಳ ಜೊತೆ ಬಂದದ್ದು ಒಂದು ಚೀಲ ಬಟ್ಟೆ, ಹುಡುಗಿಯ ಶಾಲೆಯ ಪುಸ್ತಕಗಳು. ಜನನ ಪ್ರಮಾಣಪತ್ರ ಬಂದಿರಲಿಲ್ಲ, ಲಸಿಕೆಯ ಕಾರ್ಡೂ ಇರಲಿಲ್ಲ. ನಾಲ್ಕು ದಿನಕ್ಕೆ ಅವೆಲ್ಲ ಯಾಕೆ?

ತಂಗಿಗೆ ಕುಡಿತದ ಚಟ ಅಂಟಿ ಆರು ವರ್ಷವಾಗಿತ್ತು. ಮಕ್ಕಳ ತಂದೆ ಹುಡುಗ ಹುಟ್ಟುವ ಮೊದಲೇ ಬಿಟ್ಟುಹೋಗಿದ್ದರು, ಸಂಪರ್ಕ ಇರಲಿಲ್ಲ. ನಾಲ್ಕು ದಿನ ನಾಲ್ಕು ವಾರವಾಯಿತು. ಎರಡನೇ ತಿಂಗಳಲ್ಲಿ ದೊಡ್ಡಮ್ಮ ತಮ್ಮ ಹೊಲಿಗೆಯ ಕೆಲಸದಲ್ಲಿ ಅರ್ಧವನ್ನು ಬಿಟ್ಟರು. ಮೂರನೇ ತಿಂಗಳಲ್ಲಿ ಅವರ ಹದಿನೇಳು ವರ್ಷದ ಮಗ ತನ್ನ ಕೋಣೆಯನ್ನು ಮಕ್ಕಳಿಗೆ ಬಿಟ್ಟುಕೊಟ್ಟು ನಡುಮನೆಯಲ್ಲಿ ಮಲಗತೊಡಗಿದ. ಇವೆಲ್ಲ ಒಂದೊಂದಾಗಿ, ಯಾರೂ ಕೂತು ತೀರ್ಮಾನಿಸದೆ ಆದವು.

ಇದನ್ನು ಒತ್ತಿ ಹೇಳಲು ಕಾರಣವಿದೆ. ದತ್ತು ತೆಗೆದುಕೊಳ್ಳುವವರು, ಫಾಸ್ಟರ್ ಕೇರ್‌ಗೆ, ಅಂದರೆ ಬೇರೆಯವರ ಮಕ್ಕಳನ್ನು ಸ್ವಲ್ಪ ಕಾಲ ಮನೆಯಲ್ಲಿಟ್ಟು ಸಾಕಲು, ಮುಂದಾಗುವವರು ತಿಂಗಳುಗಟ್ಟಲೆ ಯೋಚಿಸಿ ಬರುತ್ತಾರೆ; ಅವರಿಗೆ ತರಬೇತಿ ಸಿಗುತ್ತದೆ, ಮನೆ ನೋಡಿ ಹೋಗುತ್ತಾರೆ, ಬೇಡ ಎನ್ನಲು ಹತ್ತು ಅವಕಾಶ ಇರುತ್ತದೆ. ಬಂಧುಗಳಿಗೆ ಸಿಗುವುದು ಒಂದು ಫೋನು ಕರೆ. ಅವರು ಒಪ್ಪಿಕೊಂಡದ್ದು ನಾಲ್ಕು ದಿನಕ್ಕೆ, ಹೊತ್ತದ್ದು ವರ್ಷಗಳನ್ನು. ನಾವು ಕಡತದಲ್ಲಿ "ಸ್ವಇಚ್ಛೆಯಿಂದ ಆರೈಕೆ ವಹಿಸಿಕೊಂಡಿರುತ್ತಾರೆ" ಎಂದು ಬರೆಯುತ್ತೇವೆ. ಆ ವಾಕ್ಯವನ್ನು ನಾನು ಈಗ ಬರೆಯುವುದಿಲ್ಲ.

ಲೋಟದ ವಾಸನೆ

ಮೊದಲ ಭೇಟಿಯಲ್ಲಿ ನಾನು ಮಾತಾಡಿದ್ದು ಕಡಿಮೆ. ಹುಡುಗ ನೆಲದ ಮೇಲೆ ಆಡುತ್ತಿದ್ದ. ಕರೆದರೆ ತಿರುಗುತ್ತಿರಲಿಲ್ಲ, ಮಾತು ಎರಡು ಮೂರು ಪದದ್ದು. "ತಾಯಿಯನ್ನು ನೆನೆಸಿಕೊಂಡು ಮಂಕಾಗಿದ್ದಾನೆ" ಎಂಬುದು ಮನೆಯವರ ನಂಬಿಕೆ. ಶಾಲಾಪೂರ್ವ ತರಗತಿಯವರ ಪ್ರಕಾರ ಅವನು ಹಟಮಾರಿ. ಅವನಿಗೆ ಸರಿಯಾಗಿ ಕೇಳಿಸುತ್ತಲೇ ಇರಲಿಲ್ಲ ಎಂಬುದು ಮಕ್ಕಳು ಬಂದ ಒಂದು ವರ್ಷದ ನಂತರ, ಜ್ವರಕ್ಕೆಂದು ತೋರಿಸಲು ಹೋದಾಗ ಗೊತ್ತಾಗಿತ್ತು. ಮನೆ ಬದಲಾದ ಮಗುವಿನ ಪ್ರತಿಯೊಂದು ವರ್ತನೆಯನ್ನೂ ದುಃಖದ ಲೆಕ್ಕಕ್ಕೆ ಬರೆದುಬಿಟ್ಟರೆ ಇಂಥದ್ದು ತಪ್ಪಿಹೋಗುತ್ತದೆ. ಇಂಥ ಮಕ್ಕಳ ವಿಷಯದಲ್ಲಿ ಕಣ್ಣು, ಕಿವಿ, ಹಲ್ಲು, ಲಸಿಕೆ ಇವುಗಳ ತಪಾಸಣೆಯನ್ನು ನಾನು ಮೊದಲ ವಾರದಲ್ಲೇ ಮಾಡಿಸುತ್ತೇನೆ. ಮನಸ್ಸಿನ ಮಾತು ಆಮೇಲೆ.

ನನ್ನ ಗಮನ ನಿಂತದ್ದು ಹುಡುಗಿಯ ಮೇಲೆ. ದೊಡ್ಡಮ್ಮ ಕುಡಿಯುತ್ತಿದ್ದ ಲೋಟವನ್ನು ಕೆಳಗಿಟ್ಟು ಒಳಗೆ ಹೋದರು. ಹುಡುಗಿ ಬಂದು ಲೋಟವನ್ನು ಎತ್ತಿ ಮೂಸಿ, ಇದ್ದಲ್ಲೇ ಇಟ್ಟಳು. ಒಂದು ಕ್ಷಣದ ಕೆಲಸ. ಅವಳು ಅದನ್ನು ದಿನಕ್ಕೆ ಎಷ್ಟೋ ಸಲ ಮಾಡುತ್ತಿದ್ದಳು. ದೊಡ್ಡಪ್ಪನ ಲೋಟ, ಅತಿಥಿಗಳ ಲೋಟ, ಯಾವುದನ್ನೂ ಬಿಡುತ್ತಿರಲಿಲ್ಲ. ರಾತ್ರಿ ಎರಡು ಮೂರು ಸಲ ಎದ್ದು ತಮ್ಮನ ಮೂಗಿನ ಬಳಿ ಕೈ ಹಿಡಿದು ಉಸಿರು ನೋಡುತ್ತಿದ್ದಳು. ಅವನಿಗೆ ಸ್ನಾನ ಮಾಡಿಸಲು ದೊಡ್ಡಮ್ಮನಿಗೆ ಬಿಡುತ್ತಿರಲಿಲ್ಲ. "ಅವನಿಗೆ ನಾನೇ ಅಭ್ಯಾಸ" ಎನ್ನುತ್ತಿದ್ದಳು, ಸುಮಾರು ನಲವತ್ತು ವರ್ಷದವಳ ದನಿಯಲ್ಲಿ.

ದೊಡ್ಡಮ್ಮನಿಗೆ ಇದು ಅವಮಾನದಂತೆ ಕಂಡಿತ್ತು. "ನನ್ನನ್ನೂ ಅವಳಮ್ಮನ ಹಾಗೇ ಅಂದ್ಕೊಂಡಿದಾಳೆ." ನಾನು ಅವರಿಗೆ ಹೇಳಿದ್ದು ಇಷ್ಟು: ಐದು ವರ್ಷ ಈ ಮಗು ಮನೆಯ ಕಾವಲುಗಾರಳಾಗಿತ್ತು. ವಾಸನೆ ಬಂದರೆ ತಮ್ಮನನ್ನು ಇನ್ನೊಂದು ಕೋಣೆಗೆ ಕರೆದೊಯ್ಯಬೇಕು ಎಂಬುದು ಅವಳು ಕಲಿತ ಪಾಠ, ಆ ಪಾಠ ಆ ಮನೆಯಲ್ಲಿ ಅವರಿಬ್ಬರನ್ನೂ ಕಾಪಾಡಿದೆ. ಈ ಮನೆಯಲ್ಲಿ ಅದು ಬೇಡ ಎಂದು ಬಾಯಲ್ಲಿ ಹೇಳಿದರೆ ಅವಳು ನಂಬುವುದಿಲ್ಲ. ಮೂಸಲಿ, ಬೈಯಬೇಡಿ, ಲೋಟ ಬಚ್ಚಿಡಬೇಡಿ. ಸ್ನಾನದ ಕೆಲಸವನ್ನು ಕಸಿದುಕೊಳ್ಳಬೇಡಿ, ಪಕ್ಕದಲ್ಲಿ ಟವೆಲ್ ಹಿಡಿದು ನಿಂತಿರಿ.

ದೊಡ್ಡಮ್ಮ ಟವೆಲ್ ಹಿಡಿದು ನಾಲ್ಕು ತಿಂಗಳು ನಿಂತರು.

ಎರಡು ನಕ್ಷೆಗಳು

ಮೂರನೇ ಭೇಟಿಯಲ್ಲಿ ನಾವು ಕೂತು ಎರಡು ಚಿತ್ರ ಬರೆದೆವು. ಒಂದು ಜಿನೋಗ್ರಾಮ್, ಅಂದರೆ ಮೂರು ತಲೆಮಾರಿನ ಕುಟುಂಬದ ನಕ್ಷೆ. ಇನ್ನೊಂದು ಇಕೋಮ್ಯಾಪ್. 1970ರ ದಶಕದಲ್ಲಿ ಸಮಾಜಕಾರ್ಯದ ಪ್ರಾಧ್ಯಾಪಕಿ ಆನ್ ಹಾರ್ಟ್‌ಮನ್ ರೂಪಿಸಿದ ಈ ನಕ್ಷೆಯಲ್ಲಿ ಮನೆಯನ್ನು ನಡುವೆ ವೃತ್ತವಾಗಿ ಬರೆದು, ಸುತ್ತಲಿನ ಶಾಲೆ, ಕೆಲಸ, ನೆಂಟರು, ಆಸ್ಪತ್ರೆಗಳಿಗೆ ಗೆರೆ ಎಳೆಯುತ್ತೇವೆ. ಗೆರೆಯ ಬಾಣ ಯಾವ ಕಡೆಗಿದೆ ಎಂಬುದು ಮುಖ್ಯ: ಶಕ್ತಿ ಒಳಗೆ ಬರುತ್ತಿದೆಯೋ, ಹೊರಗೆ ಹರಿಯುತ್ತಿದೆಯೋ?

ದೊಡ್ಡಮ್ಮ ಪೆನ್ಸಿಲು ಹಿಡಿದು ಹದಿನಾಲ್ಕು ಗೆರೆ ಎಳೆದರು. ಹನ್ನೆರಡು ಬಾಣ ಹೊರಮುಖ. ಅವರು ಅದನ್ನು ನೋಡುತ್ತ ಕೂತರು. ಆಮೇಲೆ "ನನ್ನ ಮಗನನ್ನ ಎಲ್ಲಿ ಬರೀಲಿ?" ಎಂದು ಕೇಳಿದರು. ಅವನನ್ನು ಬರೆಯಲು ಮರೆತಿದ್ದೆವು. ಅವರೂ ಮರೆತಿದ್ದರು, ಮರೆತದ್ದನ್ನು ಗಮನಿಸದೆ ನಾನೂ ಕೂತಿದ್ದೆ. ಆ ದಿನ ಇನ್ನೇನೂ ಕೆಲಸ ಆಗಲಿಲ್ಲ.

ಜಿನೋಗ್ರಾಮ್‌ನಲ್ಲಿ ಇನ್ನೊಂದು ಸಂಗತಿ ತಾನಾಗಿ ಹೊರಬಂತು. ಅಕ್ಕತಂಗಿಯರ ನಡುವೆ ಹದಿನೈದು ವರ್ಷದ ಅಂತರ. ತಾಯಿ ತೀರಿಕೊಂಡಾಗ ತಂಗಿಗೆ ಆರು, ಅಕ್ಕನಿಗೆ ಇಪ್ಪತ್ತೊಂದು. ತಂಗಿಯನ್ನು ಬೆಳೆಸಿದ್ದು ಅಕ್ಕನೇ. "ಸೊಂಟದ ಮೇಲೆ ಹೊತ್ತು ಸಾಕಿದೀನಿ ಅವಳನ್ನ" ಎಂದರು, ಸ್ವಲ್ಪ ಹೊತ್ತು ಬಿಟ್ಟು, "ಹಾಗಾದ್ರೆ ಹಾಳು ಮಾಡಿದ್ದೂ ನಾನೇನಾ?"

ಈ ಪ್ರಶ್ನೆ ಇಡೀ ಪ್ರಕರಣದ ಕೆಳಗೆ ಹರಿಯುತ್ತಿದ್ದ ನೀರು. ನಾನು ಅದನ್ನು ಆಗ ಬರೆದುಕೊಂಡೆ, ಆದರೆ ಅದರ ಜೊತೆ ಕೆಲಸ ಮಾಡಲಿಲ್ಲ. ಸಹಿಯ ಗಡಿಬಿಡಿ ನನ್ನದಾಗಿತ್ತು.

ಸಹಿ

ತಾಯಿಯನ್ನು ಹುಡುಕಲು ಮೂರು ವಾರ ಹಿಡಿಯಿತು. ಚಿಕಿತ್ಸಾ ಕೇಂದ್ರವೊಂದಕ್ಕೆ ತಾವಾಗಿಯೇ ಸೇರಿದ್ದರು. ಮೂವತ್ತಮೂರರ ಹೆಂಗಸು, ಕೈ ಸಣ್ಣಗೆ ನಡುಗುತ್ತಿತ್ತು. ಮೊದಲ ಭೇಟಿಯಲ್ಲಿ ಕಾಗದ ಮುಟ್ಟಲಿಲ್ಲ. ಎರಡನೆಯದರಲ್ಲಿ ಕಾರಣ ಹೇಳಿದರು: ಸಹಿ ಹಾಕಿದರೆ ಮಕ್ಕಳು ಶಾಶ್ವತವಾಗಿ ಅಕ್ಕನವರಾಗುತ್ತಾರೆ ಎಂದು ಯಾರೋ ಹೇಳಿದ್ದರಂತೆ. ನಾನು ಇಡೀ ಒಪ್ಪಿಗೆ ಪತ್ರವನ್ನು ಸಾಲು ಸಾಲಾಗಿ ಓದಿ ಹೇಳಿದೆ. ಇದು ಕಿವಿಯ ಶಸ್ತ್ರಚಿಕಿತ್ಸೆಗೆ ಮಾತ್ರ. ಇದರಿಂದ ತಾಯಿಯ ಹಕ್ಕು ಕದಲುವುದಿಲ್ಲ. ಮೂರನೇ ಭೇಟಿಯಲ್ಲಿ ಸಹಿ ಹಾಕಿ ಒಂದು ಷರತ್ತು ಇಟ್ಟರು: ಮಗನಿಗೆ ಎಚ್ಚರವಾದ ಕೂಡಲೇ ಯಾರಾದರೂ ಫೋನು ಮಾಡಬೇಕು.

ನಾನು ಮಾಡುತ್ತೇನೆ ಎನ್ನಲಿದ್ದೆ. ಬಾಯಿ ಮುಚ್ಚಿಕೊಂಡೆ. ಶಸ್ತ್ರಚಿಕಿತ್ಸೆಯ ದಿನ ಫೋನನ್ನು ದೊಡ್ಡಮ್ಮನ ಕೈಗೆ ಕೊಟ್ಟೆ. ಐದು ತಿಂಗಳ ನಂತರ ಅಕ್ಕತಂಗಿಯರ ಮೊದಲ ಮಾತು ಅದು, ಒಂದು ನಿಮಿಷವೂ ಇರಲಿಲ್ಲ. "ಎದ್ದಿದಾನೆ. ನೀರು ಕೇಳಿದ. ಹುಷಾರಾಗಿದಾನೆ. ನೀನು?"

ನನ್ನ ತಪ್ಪು

ತಾಯಿ ಚಿಕಿತ್ಸೆ ಮುಗಿಸಿ ಹೊರಬಂದಾಗ ಮಕ್ಕಳ ಭೇಟಿಯ ವ್ಯವಸ್ಥೆ ನನ್ನ ಪಾಲಿಗೆ ಬಂತು. ಪರಿಚಿತ ಜಾಗ, ಮಕ್ಕಳಿಗೆ ಹಿತ, ಖರ್ಚಿಲ್ಲ ಎಂದು ದೊಡ್ಡಮ್ಮನ ಮನೆಯಲ್ಲೇ, ವಾರಕ್ಕೊಮ್ಮೆ, ದೊಡ್ಡಮ್ಮನ ಉಸ್ತುವಾರಿಯಲ್ಲಿ ಎಂದು ಬರೆದೆ. ತಾಯಿ ಕುಡಿದು ಬಂದರೆ ಒಳಗೆ ಬಿಡಬಾರದು ಎಂಬ ಷರತ್ತನ್ನೂ ಸೇರಿಸಿದೆ. ಕಾಗದದ ಮೇಲೆ ಎಲ್ಲ ಸರಿಯಾಗಿತ್ತು.

ಐದನೇ ವಾರ ತಾಯಿ ಕುಡಿದು ಬಂದರು. ದೊಡ್ಡಮ್ಮ ಬಾಗಿಲಲ್ಲೇ ತಡೆದರು. ಜಗಳವಾಯಿತು, ತಂಗಿ ಮೆಟ್ಟಿಲ ಮೇಲೆ ಕೂತು ಅತ್ತು ಎದ್ದುಹೋದರು. ಹುಡುಗಿ ಕಿಟಕಿಯಿಂದ ಎಲ್ಲವನ್ನೂ ನೋಡಿದಳು. ಅವಳು ಕಂಡದ್ದು ಒಂದೇ: ಅಮ್ಮ ಬಂದಳು, ದೊಡ್ಡಮ್ಮ ಓಡಿಸಿದಳು. ಹನ್ನೊಂದು ದಿನ ಅವಳು ದೊಡ್ಡಮ್ಮನ ಜೊತೆ ಮಾತಾಡಲಿಲ್ಲ. ದೊಡ್ಡಮ್ಮ ನನಗೆ ಫೋನು ಮಾಡಿ ಹೇಳಿದ್ದು, "ಅವಳನ್ನ ಎತ್ತಿ ಆಡಿಸಿದವಳು ನಾನು. ನನ್ನ ಕೈಲೇ ಬಾಗಿಲು ಹಾಕಿಸಿದ್ರಲ್ಲ."

ಅವರ ಮಾತು ನೂರಕ್ಕೆ ನೂರು ಸರಿ. ಅಪರಿಚಿತ ಪೋಷಕರ ಮನೆಯಾಗಿದ್ದರೆ ನಾನು ಇಂಥ ಕಾವಲನ್ನು ಅವರಿಗೆ ಖಂಡಿತ ವಹಿಸುತ್ತಿರಲಿಲ್ಲ. ಅದು ಸಿಬ್ಬಂದಿಯ ಕೆಲಸ. ಬಂಧು ಎಂಬ ಕಾರಣಕ್ಕೆ, ಹೇಗೂ ಅವರವರೇ ತಾನೇ ಎಂದು, ಇಲಾಖೆ ಮಾಡಬೇಕಾದ ಕೆಲಸವನ್ನು ಅಕ್ಕನ ತಲೆಗೆ ಕಟ್ಟಿದ್ದೆ. ಬಂಧುಗಳೇ ಮಕ್ಕಳನ್ನು ಸಾಕುವ ಬಂಧುಪೋಷಣೆಯಲ್ಲಿ ತಾಯ್ತಂದೆಯರ ಭೇಟಿ ಎಷ್ಟೋ ಕಡೆ ಹೀಗೇ ನಡೆಯುತ್ತದೆ, ಯಾರೂ ಅದನ್ನು ಕೆಲಸ ಎಂದು ಎಣಿಸುವುದೇ ಇಲ್ಲ. ಮಗುವಿನ ಕಣ್ಣಲ್ಲಿ ಆಗ ದೊಡ್ಡಮ್ಮ ತಾಯಿಗೂ ತನಗೂ ನಡುವಿನ ಗೋಡೆಯಾಗುತ್ತಾರೆ, ತಂಗಿಯ ಕಣ್ಣಲ್ಲಿ ಜೈಲರ್ ಆಗುತ್ತಾರೆ. ತಂಗಿಯನ್ನು ಕಳೆದುಕೊಂಡ ದುಃಖ ಅವರಲ್ಲೇ ಉಳಿಯುತ್ತದೆ.

ನಾನು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಹುಡುಗಿಯ ಮುಂದೆಯೂ ಹೇಳಿದೆ: ಆ ದಿನದ ನಿಯಮ ಮಾಡಿದ್ದು ನಾನು, ದೊಡ್ಡಮ್ಮ ನನ್ನ ಮಾತು ಪಾಲಿಸಿದರು ಅಷ್ಟೇ. ಭೇಟಿಯನ್ನು ಮಕ್ಕಳ ಕೇಂದ್ರವೊಂದಕ್ಕೆ ಬದಲಿಸಿದೆವು. ಅಲ್ಲಿ ಸಿಬ್ಬಂದಿ ಇದ್ದರು. ತಾಯಿ ಯಾವ ಸ್ಥಿತಿಯಲ್ಲಿ ಬಂದಿದ್ದಾರೆ ಎಂದು ನೋಡುವುದು, ಭೇಟಿ ಮುಂದೂಡುವುದು ಅವರ ಜವಾಬ್ದಾರಿ. ಭೇಟಿಯ ಸಮಯದಲ್ಲಿ ದೊಡ್ಡಮ್ಮ ಅಲ್ಲಿ ಇರುವಂತಿರಲಿಲ್ಲ. ಆ ಒಂದೂವರೆ ಗಂಟೆ ಅವರ ಸ್ವಂತದ್ದು. ಮೊದಲ ಸಲ ಅವರು ಕೇಂದ್ರದ ಹೊರಗಿನ ಬೆಂಚಿನ ಮೇಲೆ ಕೂತು ನಿದ್ದೆ ಹೋಗಿದ್ದರು.

ಯಾರೂ ಸಮಾಧಾನ ಹೇಳದ ದುಃಖ

ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್ ಅವರು 1970ರ ದಶಕದಿಂದ ಬೆಳೆಸಿದ ಒಂದು ಪರಿಕಲ್ಪನೆ ನನಗೆ ಇಲ್ಲಿ ಕೈಹಿಡಿಯಿತು. ವ್ಯಕ್ತಿ ಬದುಕಿದ್ದಾರೆ, ಆದರೆ ನಮಗೆ ತಿಳಿದಿದ್ದ ವ್ಯಕ್ತಿ ಇಲ್ಲ; ಇಂಥ ನಷ್ಟಕ್ಕೆ ಕೊನೆಯಿಲ್ಲ, ಅಳಲು ಒಂದು ದಿನವೂ ಗೊತ್ತಾಗಿರುವುದಿಲ್ಲ. ಅದನ್ನು ಅವರು ಅಸ್ಪಷ್ಟ ನಷ್ಟ ಎಂದು ಕರೆದರು. ಸುತ್ತಲಿನವರು ದುಃಖವೆಂದೇ ಒಪ್ಪದ ದುಃಖದ ಬಗ್ಗೆ ಕೆನೆತ್ ಡೋಕಾ 1989ರಲ್ಲಿ ಬರೆದರು. ದೊಡ್ಡಮ್ಮನ ಬಳಿ ಎರಡೂ ಇದ್ದವು. ಸತ್ತವರ ಮನೆಗೆ ಹತ್ತು ಜನ ಬರುತ್ತಾರೆ. ತಂಗಿ ಕುಡುಕಿಯಾದಳು ಎಂದು ಸಮಾಧಾನ ಹೇಳಲು ಯಾರು ಬರುತ್ತಾರೆ? ಬಂದವರೆಲ್ಲ "ಪುಣ್ಯ ಬರುತ್ತೆ ನಿಮಗೆ" ಎಂದು ಹೇಳಿ ಹೋಗುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಅವರಿಗೆ ಸಿಟ್ಟು ಬರುತ್ತಿತ್ತಂತೆ, ಸಿಟ್ಟು ಬಂದದ್ದಕ್ಕೆ ನಾಚಿಕೆಯೂ ಆಗುತ್ತಿತ್ತಂತೆ.

ಎಂಟು ವಾರ ನಾವಿಬ್ಬರೇ ಕೂತು ಮಾತಾಡಿದೆವು. ಮಕ್ಕಳ ವಿಷಯ ಎತ್ತುವಂತಿಲ್ಲ ಎಂಬುದು ನಮ್ಮ ಒಪ್ಪಂದ. ಆರು ವರ್ಷದ ತಂಗಿಗೆ ಜಡೆ ಹೆಣೆದದ್ದು, ಅವಳ ಮೊದಲ ಸಂಬಳ, ಮೊದಲ ಸಲ ಬಾಟಲಿ ಕಂಡು ಏನೂ ಹೇಳದೆ ಬಂದ ದಿನ. "ಹಾಳು ಮಾಡಿದ್ದು ನಾನೇನಾ" ಎಂಬ ಪ್ರಶ್ನೆಗೆ ಇಲ್ಲ ಎಂದು ಉತ್ತರ ಕೊಡಲು ನಾನು ಅವಸರ ಮಾಡಲಿಲ್ಲ. ಚಟ ಒಂದು ಕಾಯಿಲೆ, ಅದನ್ನು ಅವರು ತಂದದ್ದಲ್ಲ, ಅವರು ವಾಸಿ ಮಾಡಲಾರರು ಎಂಬುದು ಅವರಿಗೆ ಗೊತ್ತಿತ್ತು. ಹುಡುಗಿಗೆ ಇದೇ ಮಾತನ್ನು ಅವರೇ ಹೇಳಿಕೊಟ್ಟಿದ್ದರು! ತಮಗೆ ತಾವು ಹೇಳಿಕೊಳ್ಳಲು ಆರನೇ ವಾರದವರೆಗೆ ಆಗಲಿಲ್ಲ.

ಮಕ್ಕಳ ಕೆಲಸಕ್ಕೆಂದು ನೇಮಕವಾದವಳು ದೊಡ್ಡವರ ಜೊತೆ ಎಂಟು ವಾರ ಯಾಕೆ ಕಳೆಯುತ್ತೀಯ ಎಂದು ಮೇಲಿನವರು ಕೇಳಿದರು. ಬಂಧುಗಳ ಮನೆಯಲ್ಲಿ ಮಗು ನಿಂತಿರುವುದು ಹೆತ್ತವರು, ಸಾಕುವವರು ಎಂಬ ಇಬ್ಬರು ದೊಡ್ಡವರ ನಡುವಿನ ಹಗ್ಗದ ಮೇಲೆ. ಹಗ್ಗ ಜಗ್ಗಿದರೆ ಮಗು ಬೀಳುತ್ತದೆ. ಬೇರೆ ಪೋಷಕರ ಮನೆಗೂ ಬಂಧುಗಳ ಮನೆಗೂ ಇರುವ ದೊಡ್ಡ ವ್ಯತ್ಯಾಸ ಇದು ಎಂದು ನಾನು ಉತ್ತರ ಬರೆದೆ. ಈಗಲೂ ಹಾಗೇ ನಂಬಿದ್ದೇನೆ.

ನಾವು ಹೊರಗೆ ಕೂತ ಐವತ್ತು ನಿಮಿಷ

ನ್ಯೂಜಿಲೆಂಡ್ 1989ರಲ್ಲಿ ಮಕ್ಕಳ ಕುರಿತ ಹೊಸ ಕಾನೂನು ತಂದಾಗ ಮಾವೊರಿ ಸಮುದಾಯದ ವಿಸ್ತೃತ ಕುಟುಂಬದ ಪದ್ಧತಿಯಿಂದ ಒಂದು ಕ್ರಮವನ್ನು ಅದರಲ್ಲಿ ಸೇರಿಸಿತು: ಕುಟುಂಬ ಸಮಾಲೋಚನಾ ಸಭೆ. ವೃತ್ತಿಪರರು ಮಾಹಿತಿ ಕೊಡುತ್ತಾರೆ, ಆಮೇಲೆ ಕೋಣೆಯಿಂದ ಹೊರಗೆ ಹೋಗುತ್ತಾರೆ. ಯೋಜನೆ ಮಾಡುವವರು ಕುಟುಂಬದವರೇ. ಅಲ್ಲಿಂದ ಅದು ಹಲವು ದೇಶಗಳಿಗೆ ಹಬ್ಬಿದೆ. ಹೊರಗೆ ಹೋಗುವ ಆ ಭಾಗವೇ ಅದರ ಜೀವ, ಆದರೂ ನಮ್ಮಂಥವರು ತಪ್ಪಿಸಲು ನೋಡುವುದೂ ಅದನ್ನೇ.

ಸಭೆಗೆ ಏಳು ಜನ ಬಂದರು. ಅಕ್ಕ, ತಂಗಿ, ದೊಡ್ಡಪ್ಪ, ಅವರ ಮಗ, ಹುಡುಗಿ, ಒಬ್ಬ ಹಳೆಯ ನೆರೆಯಾಕೆ, ಮತ್ತು ನಾಲ್ಕು ವರ್ಷದಿಂದ ಯಾರ ಜೊತೆಗೂ ಮಾತಿಲ್ಲದಿದ್ದ ಸೋದರಮಾವ. ಅವರನ್ನು ಕರೆಯಬೇಕು ಎಂದದ್ದು ಹುಡುಗಿ. ನಾನು, ಕೇಂದ್ರದವರು ಐವತ್ತು ನಿಮಿಷ ಹೊರಗೆ ಕೂತೆವು. ಒಳಗೆ ದನಿ ಏರಿತು, ಇಳಿಯಿತು, ಒಮ್ಮೆ ಯಾರೋ ಜೋರಾಗಿ ಅತ್ತರು. ಎದ್ದು ಬಾಗಿಲು ತೆರೆಯಬಾರದು ಎಂದು ಕೈ ಕಟ್ಟಿಕೊಂಡು ಕೂತಿದ್ದೆ.

ಒಳಗೆ ನಡೆದದ್ದರಲ್ಲಿ ಅವರು ಹೇಳಿದಷ್ಟು ಮಾತ್ರ ನನಗೆ ಗೊತ್ತು. ದೊಡ್ಡಮ್ಮನ ಮಗ ಮೊದಲು ಮಾತಾಡಿದನಂತೆ. "ಅವರು ಬಂದದ್ದಕ್ಕೆ ನನಗೆ ಬೇಜಾರಿಲ್ಲ. ನನ್ನನ್ನ ಯಾರೂ ಕೇಳ್ಲಿಲ್ಲ ಅಷ್ಟೆ." ಸಾಕುವವರ ಸ್ವಂತ ಮಕ್ಕಳು ಹೇಳುವ ಈ ಮಾತನ್ನು ನಾನು ಬೇರೆ ಮನೆಗಳಲ್ಲೂ ಕೇಳಿದ್ದೇನೆ, ಹೆಚ್ಚೂಕಡಿಮೆ ಇದೇ ಪದಗಳಲ್ಲಿ. ಸೋದರಮಾವ ಪ್ರತಿ ಶನಿವಾರ ಮಕ್ಕಳಿಬ್ಬರನ್ನೂ ತಮ್ಮ ಮನೆಗೆ ಕರೆದೊಯ್ಯಲು ಒಪ್ಪಿದರು. ಮಗನಿಗೆ ಓದಲು ನೆರೆಯಾಕೆಯ ಮನೆಯ ಮಹಡಿಯ ಕೋಣೆ. ತಾಯಿ ತಾನೇ ಹೇಳಿದರಂತೆ, "ಈಗ ನನ್ನ ಕೈಲಿ ಆಗಲ್ಲ. ಅಕ್ಕನ ಹೆಸರಲ್ಲೇ ಕಾಗದ ಆಗಲಿ. ಆದ್ರೆ ನಾನು ಅವರ ಅಮ್ಮ ಅನ್ನೋದು ಹಾಗೇ ಇರಲಿ."

ನಾನು ಬರೆದಿದ್ದರೆ ಈ ಯೋಜನೆಯಲ್ಲಿ ಸೋದರಮಾವ ಇರುತ್ತಲೇ ಇರಲಿಲ್ಲ.

ಕಾಗದ ಮತ್ತು ಹಣ

ತಾಯಿ ಕೇಳಿದ್ದಕ್ಕೆ ಕಾನೂನಿನಲ್ಲಿ ದಾರಿಯಿದೆ. ದತ್ತು ತೆಗೆದುಕೊಂಡರೆ ಹುಟ್ಟಿನ ಸಂಬಂಧ ಕಡಿದುಹೋಗಿ ತಂಗಿಯ ಮಗಳು ಮಗಳಾಗುತ್ತಾಳೆ. ಆಗ ತಂಗಿ ಯಾರು, ಚಿಕ್ಕಮ್ಮನೇ? ಕುಟುಂಬದೊಳಗಿನ ದತ್ತಿನಲ್ಲಿ ಈ ಕಲಸುಮೇಲೋಗರ ಆಗುತ್ತದೆ. ನಡುವಿನ ದಾರಿ ಪೋಷಕತ್ವ. ಇಂಗ್ಲೆಂಡ್ 2005ರ ಕೊನೆಯಲ್ಲಿ ಜಾರಿಗೆ ತಂದ ವಿಶೇಷ ಪೋಷಕತ್ವದ ಆದೇಶ ಇಂಥದ್ದು: ದಿನನಿತ್ಯದ ನಿರ್ಧಾರ ಸಾಕುವವರದು, ತಾಯಿಯ ಸ್ಥಾನ ಪೂರ್ತಿ ಅಳಿಯುವುದಿಲ್ಲ. ಅಮೆರಿಕ 2008ರ ಕಾನೂನಿನಲ್ಲಿ, ಫಾಸ್ಟರ್ ಕೇರ್‌ನಲ್ಲಿದ್ದ ಮಕ್ಕಳ ಪೋಷಕತ್ವ ವಹಿಸಿಕೊಳ್ಳುವ ಬಂಧುಗಳಿಗೆ ಧನಸಹಾಯ ಕೊಡಲು ರಾಜ್ಯಗಳಿಗೆ ಅವಕಾಶ ಮಾಡಿತು. ಈ ಮನೆಗೂ ಪೋಷಕತ್ವದ ಆದೇಶ ಸಿಕ್ಕಿತು. ನ್ಯಾಯಾಲಯದ ಕೆಲಸ ಸಲೀಸಾಗಿಯೇ ನಡೆಯಿತು, ತಾಯಿಯ ಒಪ್ಪಿಗೆ ಇದ್ದುದರಿಂದ.

ಹಣದ ವಿಷಯ ಸಲೀಸಲ್ಲ. ಸ್ವಂತ ರಕ್ತಕ್ಕೆ ಮಾಡುವುದಕ್ಕೆ ದುಡ್ಡು ಯಾಕೆ ಎಂಬ ಭಾವನೆ ಬಹಳ ಹಳೆಯದು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಒಡಹುಟ್ಟಿದವರನ್ನು ಸಾಕುತ್ತಿದ್ದ ಅಕ್ಕನಿಗೆ ಬಂಧು ಎಂಬ ಒಂದೇ ಕಾರಣಕ್ಕೆ ಫಾಸ್ಟರ್ ಕೇರ್ ಭತ್ಯೆ ನಿರಾಕರಿಸಿದ್ದರು. ಮಿಲ್ಲರ್ ವಿರುದ್ಧ ಯೂಕಿಮ್ ಎಂಬ ಆ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1979ರಲ್ಲಿ ಅದು ಸಲ್ಲದು ಎಂದಿತು. ಆದರೆ ಆ ತೀರ್ಪು ಕೆಲಸಕ್ಕೆ ಬರುವುದು ಸರ್ಕಾರವೇ ಮನೆಯಿಂದ ಬೇರ್ಪಡಿಸಿದ ಮಕ್ಕಳಿಗೆ. ಫೋನು ಬಂದ ರಾತ್ರಿ ತಾವೇ ಹೋಗಿ ಕರೆತಂದವರು ಹೊರಗೇ ಉಳಿಯುತ್ತಾರೆ. ದೊಡ್ಡಮ್ಮನ ವಿಷಯದಲ್ಲೂ ಇದೇ ಕೊಕ್ಕೆ ಬಿತ್ತು: ಮಕ್ಕಳನ್ನು ಅಧಿಕಾರಿಗಳು ತಂದು ಬಿಟ್ಟಿದ್ದರೆ ನೆರವು ಸಿಗುತ್ತಿತ್ತು, ಅವರು ಬೇಗ ಓಡಿದ್ದೇ ತಪ್ಪಾಯಿತು. ವಿಶ್ವಸಂಸ್ಥೆ 2009ರಲ್ಲಿ ಅಂಗೀಕರಿಸಿದ ಮಕ್ಕಳ ಬದಲಿ ಆರೈಕೆಯ ಮಾರ್ಗಸೂಚಿ ಇಂಥ ಅನೌಪಚಾರಿಕ ಪೋಷಕರು ಅಧಿಕಾರಿಗಳಿಗೆ ತಿಳಿಸುವಂತೆ ಪ್ರೋತ್ಸಾಹಿಸಿ, ಅವರಿಗೂ ಆರ್ಥಿಕ ಮತ್ತಿತರ ಬೆಂಬಲ ಸಿಗುವಂತೆ ಮಾಡಬೇಕು ಎನ್ನುತ್ತದೆ. ಆ ಸಾಲನ್ನು ಉಲ್ಲೇಖಿಸಿ ನಾನು ನಾಲ್ಕು ಪತ್ರ ಬರೆದೆ. ಐದು ತಿಂಗಳ ಮೇಲೆ ಸಣ್ಣ ಮಾಸಿಕ ನೆರವು ಮಂಜೂರಾಯಿತು, ಹಿಂದಿನ ತಿಂಗಳುಗಳಿಗೆ ಏನೂ ಇಲ್ಲ.

ವಿನೋಕುರ್, ಹೋಲ್ಟನ್, ಬ್ಯಾಚೆಲ್ಡರ್ ಎಂಬ ಮೂವರು 2014ರಲ್ಲಿ 102 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ತವರಿನಿಂದ ದೂರವಾದ ಮಕ್ಕಳಲ್ಲಿ ಬಂಧುಗಳ ಮನೆಯಲ್ಲಿ ಬೆಳೆದವರು ವರ್ತನೆಯಲ್ಲಿ, ಮಾನಸಿಕ ಆರೋಗ್ಯದಲ್ಲಿ, ಒಂದೇ ಮನೆಯಲ್ಲಿ ನೆಲೆನಿಲ್ಲುವುದರಲ್ಲಿ ಅಪರಿಚಿತರ ಫಾಸ್ಟರ್ ಮನೆಯಲ್ಲಿದ್ದವರಿಗಿಂತ ಚೆನ್ನಾಗಿದ್ದುದು ಕಂಡಿತು. ಚಿಕಿತ್ಸೆಯ ಸೇವೆಗಳು ಅವರನ್ನು ತಲುಪಿದ್ದು ಮಾತ್ರ ಕಡಿಮೆ. ಬಂಧುಗಳು ಚೆನ್ನಾಗಿ ನೋಡಿಕೊಳ್ಳುತ್ತಾರೆ, ಆದ್ದರಿಂದ ಅವರಿಗೇನೂ ಬೇಡ ಎಂದು ಇದನ್ನು ಓದುವವರಿದ್ದಾರೆ. ಅದು ಓದುವ ರೀತಿಯಲ್ಲ. ದೊಡ್ಡಮ್ಮ ಬಿಟ್ಟ ಅರ್ಧ ಹೊಲಿಗೆಯ ಲೆಕ್ಕವನ್ನು ಯಾರಾದರೂ ಹಾಕಬೇಕು.

ಒಂದು ಪದ

ಶಸ್ತ್ರಚಿಕಿತ್ಸೆಗೆ ಮೊದಲೇ ಹುಡುಗ ದೊಡ್ಡಮ್ಮನನ್ನು "ಅಮ್ಮ" ಎನ್ನತೊಡಗಿದ್ದ. ದೊಡ್ಡಮ್ಮ ಪ್ರತಿ ಸಲವೂ ತಿದ್ದುತ್ತಿದ್ದರು, "ದೊಡ್ಡಮ್ಮ ಅನ್ನು ಪುಟ್ಟ." ಹುಡುಗಿ ಒಮ್ಮೆ ಅವನ ಕೆನ್ನೆಗೆ ಹೊಡೆದಳು. ತಾಯಿಗೆ ಯಾರೋ ಹೇಳಿ, "ಹೆಸರೂ ಕಿತ್ಕೊಂಡ್ಲಾ" ಎಂಬ ಮಾತು ಬಂತು. ದೊಡ್ಡಪ್ಪನಿಗೆ ಅದರಲ್ಲಿ ಮಗುವಿನ ಪ್ರೀತಿ ಕಂಡಿತ್ತು. ನನ್ನ ಟಿಪ್ಪಣಿಯಲ್ಲಿ "ಬಾಂಧವ್ಯದ ಸ್ಥಳಾಂತರ" ಎಂದು ಬರೆದಿದ್ದೇನೆ, ದೊಡ್ಡ ಪದ.

ಕೊಳವೆ ಹಾಕಿ ಕೆಲವು ವಾರಗಳಲ್ಲಿ ಅವನ ಮಾತು ಒಡೆಯಿತು. ಮಾತಿನ ತರಬೇತಿಯೂ ನಡೆದಿತ್ತು. ಒಂದು ಬೆಳಿಗ್ಗೆ ಅಂಗಳದಿಂದ ಸ್ಪಷ್ಟವಾಗಿ, ಒತ್ತಕ್ಷರವೂ ಬಿಡದೆ, "ದೊಡ್ಡಮ್ಮಾ" ಎಂದು ಕೂಗಿದ. ಆವರೆಗೆ ಅವನಿಗೆ ಆ ಪದದ ಮೊದಲರ್ಧ ಸರಿಯಾಗಿ ಕೇಳಿಸಿರಲೇ ಇಲ್ಲವೋ ಏನೋ.

ದೊಡ್ಡಮ್ಮ ಇದನ್ನು ನನಗೆ ಹೇಳಿದ್ದು ವಾರದ ನಂತರ. ಹೇಳುವಾಗ ಕೈಯಲ್ಲಿದ್ದ ಬಟ್ಟೆಯ ಅಂಚನ್ನು ಮಡಿಸುತ್ತ, ಬಿಡಿಸುತ್ತ ಇದ್ದರು. "ನಾನೇ ಹೇಳ್ಕೊಟ್ಟಿದ್ದಲ್ವಾ. ಸರಿಯಾಗೇ ಅಂದ. ಒಳಗೆ ಹೋಗಿ ಅತ್ತುಬಿಟ್ಟೆ." ನಾನು ಏನೂ ಹೇಳಲಿಲ್ಲ. ಹದಿನೆಂಟು ತಿಂಗಳು ಆ ಎರಡಕ್ಷರ ತಮ್ಮದಲ್ಲ ಎಂದು ತಳ್ಳುತ್ತ ಬಂದವರು, ಅದು ಹೋದ ದಿನ ಅಳುವುದು ನನಗೆ ಅರ್ಥವಾಯಿತು. ಆ ದಿನ ಅವರ ಪಕ್ಕ ಕೂತು ಬಟ್ಟೆ ಮಡಿಸಿದೆ.

ಹುಡುಗಿಯ ಜೊತೆ ನಾವು ಒಂದು ಬದುಕಿನ ಪುಸ್ತಕ ಮಾಡುತ್ತಿದ್ದೆವು: ಹುಟ್ಟಿದ ಮನೆ, ಬಂದ ರಾತ್ರಿ, ಯಾರು ಯಾಕೆ ಎಲ್ಲಿದ್ದಾರೆ, ಅವಳದೇ ಮಾತಿನಲ್ಲಿ. ಆ ರಾತ್ರಿಯ ಪುಟದಲ್ಲಿ ಅವಳು ಬರೆದದ್ದು, "ಅಮ್ಮನೇ ಫೋನ್ ಮಾಡಿದಳು. ಅಮ್ಮ ಕುಡಿದಿದ್ದರೂ ದೊಡ್ಡಮ್ಮನ ನಂಬರ್ ನೆನಪಿತ್ತು." ತಾಯಿ ಮಾಡಿದ ಆ ಒಂದು ಫೋನಿನಲ್ಲಿ ಪ್ರೀತಿ ಇತ್ತು ಎಂಬುದನ್ನು ನಾವು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಆ ಪುಟವನ್ನು ಅವಳ ಅನುಮತಿ ಕೇಳಿ ತಾಯಿಗೆ ತೋರಿಸಿದೆವು.

ಈಗ

ಎರಡು ವರ್ಷವಾಗಿದೆ. ತಾಯಿ ಒಮ್ಮೆ ಮತ್ತೆ ಜಾರಿ, ಮತ್ತೆ ಚಿಕಿತ್ಸೆಗೆ ಸೇರಿ, ಈಗ ಎಂಟು ತಿಂಗಳಿಂದ ಕುಡಿದಿಲ್ಲ. ಎರಡು ವಾರಕ್ಕೊಮ್ಮೆ ಕೇಂದ್ರದಲ್ಲಿ ಭೇಟಿ. ಅಕ್ಕತಂಗಿಯರು ಫೋನಿನಲ್ಲಿ ಮಾತಾಡುತ್ತಾರೆ, ಮಕ್ಕಳ ವಿಷಯ ಬಿಟ್ಟು ಬೇರೆಯದನ್ನೂ. ಮಗ ಕಾಲೇಜು ಸೇರಿದ. ಹುಡುಗಿ ತಮ್ಮನ ಸ್ನಾನ ಬಿಟ್ಟು ಬಹಳ ದಿನವಾಯಿತು. ರಾತ್ರಿ ಏಳುವುದು ಅಪರೂಪ. ಲೋಟ ಮೂಸುವುದು ಪೂರ್ತಿ ನಿಂತಿಲ್ಲ. ತಾಯಿಯ ಭೇಟಿಯ ಹಿಂದಿನ ದಿನ ಈಗಲೂ ಮಾಡುತ್ತಾಳೆ.

ನಿಯಮದಂತೆ ಪೋಷಕತ್ವದ ಆದೇಶವಾಗಿ ಆರು ತಿಂಗಳಿಗೆ ಕಡತ ಮುಚ್ಚಬೇಕಿತ್ತು. ಮುಚ್ಚುವ ಭೇಟಿಗೆ ಹೋದಾಗ ಹುಡುಗಿ ನನ್ನನ್ನು ಬಾಗಿಲ ಬಳಿ ನಿಲ್ಲಿಸಿ ಕೇಳಿದಳು, "ಅಮ್ಮ ಪೂರ್ತಿ ಹುಷಾರಾದ್ರೆ ನಾವು ವಾಪಸ್ ಹೋಗ್ಬೇಕಾ?" ಹೋಗಬೇಕು ಎಂಬ ಆಸೆಯೋ ಭಯವೋ ದನಿಯಲ್ಲಿ ತಿಳಿಯಲಿಲ್ಲ. ಹತ್ತು ನಿಮಿಷದ ನಂತರ ಅಡುಗೆಮನೆಯಲ್ಲಿ ದೊಡ್ಡಮ್ಮ ಅದೇ ಪ್ರಶ್ನೆಯನ್ನು ದನಿ ತಗ್ಗಿಸಿ ಕೇಳಿದರು. ಆ ವಾರದ ಭೇಟಿಯ ಕೊನೆಗೆ ತಾಯಿಯೂ ಕೇಳಿದರು. ಮೂವರೂ ನನ್ನನ್ನೇ ಕೇಳಿದ್ದಾರೆ, ಒಬ್ಬರನ್ನೊಬ್ಬರು ಕೇಳಿಕೊಂಡಿಲ್ಲ.

ಕಡತ ಮುಚ್ಚಿಲ್ಲ. ವಿಸ್ತರಣೆ ಕೇಳಿ ಬರೆದಿದ್ದೇನೆ. ಮುಂದಿನ ತಿಂಗಳು ಅದೇ ಏಳು ಜನರ ಸಭೆ ಇದೆ, ಸೋದರಮಾವನ ಮನೆಯಲ್ಲಿ. ಈ ಸಲ ಹುಡುಗನೂ ಇರುತ್ತಾನೆ, ಅವನಿಗೀಗ ಆರು. ಪ್ರಶ್ನೆಯನ್ನು ಯಾರು ಮೊದಲು ಎತ್ತುತ್ತಾರೆ ಎಂಬುದನ್ನು ಅವರಿಗೇ ಬಿಟ್ಟಿದ್ದೇನೆ, ನಾನು ಹೊರಗೆ ಕೂತಿರುತ್ತೇನೆ.